ವಿಕಲಚೇತನರ ಸಾಧನ ಸಲಕರಣೆ: ಬೋಳಾರದ ಮಳೆ, ಮೆಟ್ಟಿಲು ಮತ್ತು ಉಪ್ಪುಗಾಳಿಯ ನಡುವೆ

ಮಂಗಳೂರಿನ ಮಂಗಳಾದೇವಿ ದೇವಸ್ಥಾನದ ಆಸುಪಾಸಿನಿಂದ ನೇತ್ರಾವತಿಯ ದಡದವರೆಗೆ ಹಬ್ಬಿರುವ ಬೋಳಾರ, ಒಂದು ಕಾಲದಲ್ಲಿ ಹಂಚಿನ ಕಾರ್ಖಾನೆಗಳಿಗೆ ಹೆಸರಾದ ಭಾಗ. ಇಲ್ಲಿನ ಹಳೆಯ ಹಂಚಿನ ಮನೆಗಳಿಗೆ ಅಂಗಳದಿಂದ ಮೆಟ್ಟಿಲು ಹತ್ತಬೇಕು. ಮಳೆಗಾಲವಿಡೀ ಥಂಡಿ, ಉಳಿದ ದಿನ ಬೆವರಿಳಿಸುವ ಸೆಕೆ. ಎರಡು ಮಳೆಗಾಲ ದಾಟದ ಗಾಲಿಕುರ್ಚಿ ಪುಕ್ಕಟೆ ಸಿಕ್ಕರೂ ಇಲ್ಲಿ ದುಬಾರಿಯೇ.

ಶ್ರವಣ ಸಾಧನ

ಕಿವಿಯ ಹಿಂದೆ ಸಿಕ್ಕಿಸುವ ಡಿಜಿಟಲ್ ಶ್ರವಣ ಸಾಧನಕ್ಕೆ ಕರಾವಳಿಯ ತೇವವೇ ದೊಡ್ಡ ಶತ್ರು. ಬೆವರು ಮೈಕಿನ ರಂಧ್ರಕ್ಕೆ ಇಳಿಯುತ್ತದೆ, ಕೊಳವೆಯೊಳಗೆ ನೀರಿನ ಹನಿ ಕಟ್ಟಿ ಸದ್ದು ನಿಲ್ಲುತ್ತದೆ. ರಾತ್ರಿ ಸೆಲ್ ತೆಗೆದು, ಸಾಧನವನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ಅತಿ ಅಗ್ಗದ ರಿಪೇರಿ. ಜಿಂಕ್-ಏರ್ ಸೆಲ್ ಗಾಳಿಯ ಆಮ್ಲಜನಕದಿಂದ ಕೆಲಸ ಮಾಡುತ್ತದೆ; ಅದರ ಮೇಲೆ ಅಂಟಿಸಿರುವ ಚೀಟಿ ಕಿತ್ತ ಮೇಲೆ ಬಳಸದಿದ್ದರೂ ಅದು ಸವೆಯುತ್ತಲೇ ಇರುತ್ತದೆ. ಆದ್ದರಿಂದ ಬೇಕಾದಾಗಷ್ಟೇ ಕೀಳಬೇಕು.

ಮಕ್ಕಳ ವಿಷಯವೇ ಬೇರೆ. ಮಗು ಬೆಳೆದಂತೆ ಕಿವಿಯೂ ಬೆಳೆದು ಹಳೆಯ ಕಿವಿ ಅಚ್ಚು ಸಡಿಲವಾಗುತ್ತದೆ, ಸಾಧನ ಕುಯ್ಯೆಂದು ಸಿಳ್ಳೆ ಹಾಕುತ್ತದೆ. ಮೆಷಿನ್ ಹಾಳಾಯಿತೆಂದು ಅದನ್ನು ಕಪಾಟು ಸೇರಿಸಿಬಿಟ್ಟರೆ ಮಗುವಿನ ಒಂದು ಶಾಲಾ ವರ್ಷವೇ ಹೋದೀತು. ಎಷ್ಟೋ ಸಲ ಬೇಕಿರುವುದು ಹೊಸ ಅಚ್ಚು ಮಾತ್ರ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ರಾಜ್ಯದ ಮುಖ್ಯ ಕೇಂದ್ರ.

ಕೃತಕ ಕಾಲು, ಗಾಲಿಕುರ್ಚಿ

1968ರಲ್ಲಿ ರೂಪುಗೊಂಡ ಜೈಪುರ ಕಾಲಿನ ಹಿಂದೆ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಮೂಳೆ ವೈದ್ಯ ಪಿ.ಕೆ. ಸೇಥಿ ಇದ್ದರು. ಅದನ್ನು ತೊಟ್ಟು ಚಕ್ಕಳಮಕ್ಕಳ ಹಾಕಿ ಕೂರಬಹುದು, ಬರಿಗಾಲಲ್ಲಿ ಕೆಸರು ತುಳಿಯಬಹುದು. ನಮ್ಮ ಮಳೆಗೆ ಹೇಳಿ ಮಾಡಿಸಿದ್ದು. ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆ 1994ರಿಂದ ಕೃತಕ ಅವಯವ ಮತ್ತು ಪುನರ್ವಸತಿಯ ಕೆಲಸದಲ್ಲಿದೆ.

ಗಾಲಿಕುರ್ಚಿಗೆ ಇಳಿಜಾರು 1:12 ಇರಬೇಕೆಂಬುದು ನಿಯಮ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಚಿಕ್ಕ ಅಂಗಳದ ಮನೆಯಲ್ಲಿ ಅಷ್ಟು ಜಾಗ ಎಲ್ಲಿಂದ ತರುವುದು? ಊರುಗೋಲಿನ ತುದಿಯ ರಬ್ಬರ್ ಸವೆದರೆ ಒದ್ದೆ ನೆಲದಲ್ಲಿ ಜಾರುವುದು ಖಂಡಿತ. ಅದನ್ನು ಮಳೆಗೆ ಮೊದಲೇ ಬದಲಿಸಬೇಕು.

ಓದು

ಬ್ರೈಲ್ ಸ್ಲೇಟು ಇಂದಿಗೂ ಅಗ್ಗ, ಕರೆಂಟು ಬೇಡ. ಕಾಗದದ ಹಿಂಬದಿಯಿಂದ ಚುಕ್ಕೆ ಒತ್ತುವುದರಿಂದ ಬರೆಯುವುದು ಬಲದಿಂದ ಎಡಕ್ಕೆ. ಕಂಪ್ಯೂಟರಿನಲ್ಲಿ ಪರದೆ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತ, ಅದು ಕನ್ನಡವನ್ನೂ ಓದುತ್ತದೆ. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಟೈಪಿಸಿದ ಕಡತ ಅದಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪ್ರಶ್ನೆಪತ್ರಿಕೆಯನ್ನು ಯೂನಿಕೋಡಿನಲ್ಲಿ ಸಿದ್ಧಪಡಿಸಲು ಶಾಲೆಗೆ ನಯಾಪೈಸೆ ಖರ್ಚಿಲ್ಲ. ಮನಸ್ಸು ಬೇಕು ಅಷ್ಟೇ.

ಸರಕಾರದಿಂದ ಪಡೆಯುವ ದಾರಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಸಾಧನ ಸಲಕರಣೆ ಒದಗಿಸುವ ಕೇಂದ್ರದ ಎಡಿಐಪಿ ಯೋಜನೆಗೆ ಕನಿಷ್ಠ ಶೇ. 40 ವೈಕಲ್ಯದ ಪ್ರಮಾಣಪತ್ರ ಬೇಕು, ಆದಾಯಮಿತಿಯೂ ಇದೆ. ಪ್ರಮಾಣಪತ್ರಕ್ಕಾಗಿ ಬೋಳಾರದವರಿಗೆ ಹತ್ತಿರದ ಜಿಲ್ಲಾ ಆಸ್ಪತ್ರೆ ಹಂಪನಕಟ್ಟೆಯ ವೆನ್‌ಲಾಕ್. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನಿನಲ್ಲೂ ಅರ್ಜಿ ಹಾಕಬಹುದು. ಎಡಿಐಪಿ ಯೋಜನೆಯ ಸಾಧನಗಳಲ್ಲಿ ಬಹಳಷ್ಟನ್ನು ತಯಾರಿಸುವುದು ಕಾನ್ಪುರದ ಅಲಿಮ್ಕೊ. ಒಮ್ಮೆ ನೆರವು ಪಡೆದವರು ಸಾಮಾನ್ಯವಾಗಿ ಅದೇ ಉದ್ದೇಶಕ್ಕೆ ಮೂರು ವರ್ಷ ಕಾಯಬೇಕು. 12 ವರ್ಷದೊಳಗಿನ ಮಕ್ಕಳಿಗೆ ಒಂದೇ ವರ್ಷ ಸಾಕು. ಮಕ್ಕಳ ಬೆಳವಣಿಗೆಗಾಗಿಯೇ ಇರುವ ಈ ರಿಯಾಯಿತಿಯನ್ನು ಹೆತ್ತವರು ಸಾಧನ ವಿತರಣೆಯ ಶಿಬಿರದಲ್ಲಿ ಕೇಳಿಯೇ ಪಡೆಯಬೇಕು.