ಮಲಿದಾ

ಠಾಣೆಯ ಟೆಂಭಿ ನಾಕೆಯ ಬಳಿ 1879ರಲ್ಲಿ ಸ್ಥಾಪಿತವಾದ, 'ಸ್ವರ್ಗದ್ವಾರ' ಎಂಬರ್ಥದ 'ಶಾರ್ ಹಶಾಮಾಯಿಂ' ಎಂಬ ಹೆಸರನ್ನು ಹೊತ್ತ ಯೆಹೂದ್ಯ ಪ್ರಾರ್ಥನಾಮಂದಿರವನ್ನು ಆಶ್ರಯಿಸಿ ಬಾಳುವ ಬೆನೆ ಇಸ್ರೇಲ್ ಕುಟುಂಬಗಳಲ್ಲಿ, ಮದುವೆ ಕೂಡಿಬಂದಾಗಲಾಗಲಿ, ಹೊಸಮನೆಯನ್ನು ಹೊಕ್ಕಾಗಲಾಗಲಿ, ಕಾಯಿಲೆಬಿದ್ದವರು ಚೇತರಿಸಿಕೊಂಡಾಗಲಾಗಲಿ ತಪ್ಪದೆ ಕೇಳಿಬರುವ ಮಾತೊಂದುಂಟು: 'ಮಲಿದಾ'. ತಿನಿಸಿನ ಹೆಸರೂ ಅದೇ, ಪೂಜೆಯ ಹೆಸರೂ ಅದೇ.

ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿಗಳನ್ನು ಬೆರೆಸಿ ಹರಿವಾಣದಲ್ಲಿ ರಾಶಿಯಾಗಿಟ್ಟು, ಸುತ್ತಲೂ ಹಣ್ಣುಗಳನ್ನು ಜೋಡಿಸಿ, ಪ್ರವಾದಿ ಎಲಿಯಾಹುವನ್ನು ಹಾಡಿನಿಂದ ನೆನೆದು, ಮರದ ಹಣ್ಣಿಗೊಂದು, ನೆಲದ ಬೆಳೆಗೊಂದು, ಪರಿಮಳಕ್ಕೊಂದು ಎಂದು ಹೀಬ್ರೂ ಭಾಷೆಯ ಧನ್ಯವಚನಗಳನ್ನು ಬೇರೆಬೇರೆಯಾಗಿ ಹೇಳುತ್ತಾರೆ. ನೆರೆದವರು ಪ್ರತಿಯೊಂದಕ್ಕೂ 'ಆಮೆನ್' ಎನ್ನುತ್ತಾರೆ. ಆ ಬಳಿಕವೇ ಹಂಚಿ ತಿನ್ನುವುದು.

ಒಮ್ಮೆ ಆ ಪ್ರಸಾದವನ್ನು ಡೊಂಬಿವಲಿಯ ನಮ್ಮ ಮನೆಗೆ ತಂದಾಗ, ವಿಜಯಪುರದ ಕಡೆಯವರಾದ ನಮ್ಮ ತಾಯಿ ಬಾಯಿಗಿಟ್ಟು, "ರೊಟ್ಟಿಯೇ ಇಲ್ಲ, ಇದೆಂಥ ಮಲೀದ?" ಎಂದರು. ದರ್ಗಾಗಳಲ್ಲಿ ಬೆಲ್ಲದೊಡನೆ ರೊಟ್ಟಿಯನ್ನು ಮುರಿದು ಮಿದ್ದು ಓದಿಸುವ ಮಲೀದವನ್ನು ಉಂಡು ಬೆಳೆದ ನಾಲಗೆಗೆ ಆ ಪ್ರಶ್ನೆ ಸಹಜವಾದುದೇ ಆಗಿತ್ತು. ಅದಕ್ಕೆ ಉತ್ತರವಿರುವುದು ಶಬ್ದದ ಮೂಲದಲ್ಲಿ. ಪಾರಸಿಯ 'ಮಾಲೀದನ್' ಎಂದರೆ ಉಜ್ಜು, ತಿಕ್ಕು, ಮಿದಿ ಎಂದರ್ಥ. ನಾವು ಮೈಗೆ ಎಣ್ಣೆ ಹಚ್ಚಿಸಿಕೊಳ್ಳುವಾಗ ಹೇಳುವ 'ಮಾಲೀಶು' ಕೂಡ ಅದೇ ಧಾತುವಿನ ಕುಡಿ. ಆದುದರಿಂದ ಮಲಿದಾ ಎಂಬುದು ಗೋಧಿಯ ಹೆಸರೂ ಅಲ್ಲ, ಅಕ್ಕಿಯ ಹೆಸರೂ ಅಲ್ಲ. ಕೈಯ ಕೆಲಸದ ಹೆಸರು. ಭತ್ತದ ನಾಡಾದ ಕೊಂಕಣದಲ್ಲಿ ಕೈಗೆ ಸಿಕ್ಕಿದ್ದು ಅವಲಕ್ಕಿ.

ಕೈಯ ಕೆಲಸವೆಂದೊಡನೆ ನನಗೆ ಈ ಜನರ ಹಳೆಯ ಹೆಸರು ನೆನಪಾಗುತ್ತದೆ. ಅಲಿಬಾಗಿನ ಸಮೀಪದ ನವಗಾಂವದ ತೀರದಲ್ಲಿ ಹಡಗೊಡೆದು, ಏಳು ಗಂಡಸರೂ ಏಳು ಹೆಂಗಸರೂ ಬದುಕಿ ಉಳಿದರೆಂಬುದು ಅವರ ಐತಿಹ್ಯ. ಅವರ ಸಂತತಿಯವರು ಕೊಂಕಣದ ಹಳ್ಳಿಗಳಲ್ಲಿ ಗಾಣ ಹಿಡಿದು ಎಣ್ಣೆ ತೆಗೆಯುತ್ತ, ಶನಿವಾರ ಮಾತ್ರ ಗಾಣ ಕಟ್ಟದಿದ್ದುದರಿಂದ, ಅಕ್ಕಪಕ್ಕದವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಧರ್ಮಗ್ರಂಥಗಳ ಪಾಠ ಬಹುಮಟ್ಟಿಗೆ ಮರೆತುಹೋಗಿದ್ದ ಕಾಲದಲ್ಲಿಯೂ ವಾರಕ್ಕೊಮ್ಮೆ ಕೈಗೆ ಬಿಡುವು ಕೊಡುವುದನ್ನು ಆ ಜನ ಮರೆಯಲಿಲ್ಲವೆಂಬುದು ನನಗೆ ಯಾವ ಪಾಂಡಿತ್ಯಕ್ಕಿಂತಲೂ ಹಿರಿದಾಗಿ ತೋರುತ್ತದೆ.

ಮಲಿದಾ ಅನೇಕ ವೇಳೆ ಹರಕೆಯ ಸಲ್ಲಿಕೆಯೂ ಹೌದು. ನಮ್ಮ 'ಹರಕೆ'ಗೆ ಹೊತ್ತುಕೊಂಡ ಸಂಕಲ್ಪವೆಂಬ ಅರ್ಥವಿರುವಂತೆ ಹರಸಿದ ಮಾತೆಂಬ ಅರ್ಥವೂ ಉಂಟಷ್ಟೆ. ಆ ಹರಿವಾಣದಲ್ಲಿ ಎರಡೂ ಕೂಡಿಕೊಳ್ಳುತ್ತವೆ. ಮುಂಬಯಿಯ ಮೊದಲ ಯೆಹೂದ್ಯ ಮಂದಿರವೇ ಒಂದು ಹರಕೆಯ ಫಲವಾಗಿದ್ದು, ಅದರ ಬೇರು ನಮ್ಮ ಮೈಸೂರಿನ ನೆಲದಲ್ಲಿದೆ: ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರರು, ಇವರು ಬನಿ ಇಸ್ರಾಯಿಲರೆಂದು ತಿಳಿದ ಟಿಪ್ಪುವಿನ ತಾಯಿಯ ಕರುಣೆಯಿಂದ ಉಳಿದರೆಂದು ಅವರ ಜನ ಹೇಳುತ್ತಾರೆ. ಅವರು 1796ರಲ್ಲಿ ಕಟ್ಟಿಸಿದ ಮಂದಿರದ ಹೆಸರು 'ಶಾರ್ ಹರಹಾಮಿಂ', ಅಂದರೆ ಕರುಣೆಯ ಬಾಗಿಲು. ಅದನ್ನೇ ಜನ 'ಜುನಿ ಮಸ್ಜಿದ್' ಎಂದರು. ಕಲ್ಯಾಣ, ಠಾಣೆಗಳಿಂದ ಬೋರಿಬಂದರಿಗೆ ಹೋಗುವ ನಿಧಾನದ ಲೋಕಲುಗಳು ನಿಲ್ಲುವ ಮಸ್ಜಿದ್ ನಿಲ್ದಾಣಕ್ಕೆ ಹೆಸರು ಬಂದದ್ದು ಅದರಿಂದಲೇ ಎಂಬ ಮಾತೂ ಪ್ರಚಲಿತವಾಗಿದೆ.

ದಿನಕ್ಕೆ ನೂರು ಧನ್ಯವಚನಗಳನ್ನು ಹೇಳಬೇಕೆಂದು ತಾಲ್ಮುದ್ ವಿಧಿಸುತ್ತದೆ. ಹರಸದೆ ಲೋಕದ ಸುಖವನ್ನು ಉಣ್ಣುವುದನ್ನು ಅಪಹರಣವೆಂದೇ ಎಣಿಸುತ್ತದೆ. ಖರ್ಜೂರಕ್ಕೂ ಬಾಳೆಯ ಹಣ್ಣಿಗೂ ಬೇರೆಬೇರೆ ವಚನವೇಕೆ ಎಂದು ಮೊದಲು ನನಗೂ ಅನ್ನಿಸಿತ್ತು. ಒಂದೊಂದರ ಮುಂದೆಯೂ ಕ್ಷಣಕಾಲ ನಿಲ್ಲದವನಿಗೆ ಅದರ ಸಂತೋಷವೂ ದಕ್ಕದೆಂದು ಈಗ ತೋರುತ್ತದೆ. 'ಆಮೆನ್' ಎಂಬುದಕ್ಕೂ ಶ್ರದ್ಧೆಯನ್ನು ಸೂಚಿಸುವ 'ಎಮುನಾ' ಎಂಬುದಕ್ಕೂ ಹೀಬ್ರೂವಿನಲ್ಲಿ ಧಾತು ಒಂದೇ, ಅದರ ಭಾವ ಸ್ಥಿರತೆ.

1948ರ ಅನಂತರ ಈ ಜನರಲ್ಲಿ ಬಹುಮಂದಿ ಇಸ್ರೇಲಿಗೆ ಹೋದರು. ಅಲ್ಲಿಯೂ ಅವಲಕ್ಕಿ ನೆನೆಯುತ್ತದೆ, ಅದರ ಹೆಸರು ಅಲ್ಲಿಯೂ ಮಲಿದಾ. ನಮ್ಮ ತಾಯಿಗೆ ನಾನು ಪಾರಸಿಯ ಧಾತುವನ್ನು ವಿವರಿಸಿದಾಗ ಅವರು ಎಲೆಯಲ್ಲಿ ಉಳಿದಿದ್ದ ಅವಲಕ್ಕಿಯನ್ನು ಬೆರಳುಗಳಿಂದ ಒಮ್ಮೆ ಮಿದ್ದು ನೋಡಿ, "ಹಂಗಾದ್ರ ಇದೂ ಮಲೀದನ" ಎಂದು ನನಗೊಂದು ತುತ್ತು ಕೊಟ್ಟರು.