ಹೊಸ್ತಿಲ ಮೇಲಿನ ಎರಡು ಸಾಲು

ಗ್ರಂಥವನ್ನು ಬಿಚ್ಚುವ ಮುನ್ನವೇ ಅದರೊಳಗೇನಿದೆಯೆಂಬುದನ್ನು ಒಂದೆರಡು ಸಾಲಿನಲ್ಲಿ ತಿಳಿಸುವ ಪದ್ಧತಿ ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ, ಅಲೆಕ್ಸಾಂಡ್ರಿಯಾದ ಮಹಾಗ್ರಂಥಾಲಯದ ಕೃತಿಗಳಿಗೆ ಸೂಚಿ ಬರೆಯಲು ಕುಳಿತ ಕವಿ ಕಲ್ಲಿಮಾಕಸನು, ಕರ್ತೃವಿನ ಹೆಸರು, ತಂದೆಯ ಹೆಸರು, ಹುಟ್ಟಿದೂರು, ಕೃತಿಯ ಮೊದಲ ಮಾತುಗಳು, ಒಟ್ಟು ಪಂಕ್ತಿಗಳ ಸಂಖ್ಯೆ ಇವನ್ನೆಲ್ಲ ದಾಖಲಿಸುತ್ತ ಹೋಗಿ, 120 ಸುರುಳಿಗಳ ‘ಪಿನಾಕೆಸ್’ ಅನ್ನು ಸಿದ್ಧಪಡಿಸಿದನು. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯದ ವಿವರಣಾತ್ಮಕ ಸೂಚಿಗಳಲ್ಲಿಯೂ ಹಸ್ತಪ್ರತಿಯ ಆದಿ ಅಂತ್ಯಗಳನ್ನು ಉದ್ಧರಿಸುವ ಇಂಥದೇ ಕ್ರಮವುಂಟು. ಈ ಸೂಚೀಕಾರರಿಗೆ ಓದುಗನನ್ನು ಸೆಳೆಯುವ ಹಂಬಲವಿರಲಿಲ್ಲ. ಆದುದರಿಂದಲೇ ಅವರ ಮಾತಿಗೆ ಬೆಲೆಯಿದ್ದಿತು.

ಅಂತರ್ಜಾಲದ ಕಾಲಕ್ಕೆ ಆ ಕೆಲಸವು ಪುಟದ ಒಡೆಯನ ಕೈಗೇ ಬಂದಿತು. 1995ರ ಡಿಸೆಂಬರಿನಲ್ಲಿ ಆರಂಭವಾದ ಆಲ್ಟಾವಿಸ್ಟಾದಂತಹ ಶೋಧಯಂತ್ರಗಳು, ಒಡೆಯನು ಪುಟದ ಶಿರೋಭಾಗದಲ್ಲಿ ಓದುಗನ ಕಣ್ಣಿಗೆ ಬೀಳದಂತೆ ಹುದುಗಿಸಿದ ಮೆಟಾ ಡಿಸ್ಕ್ರಿಪ್ಷನ್ ಎಂಬ ವಿವರಣೆ ದೊರೆತರೆ ಅದನ್ನು, ಇಲ್ಲವಾದರೆ ಪುಟದ ಮೊದಲ ಪದಗಳನ್ನು ತೋರಿಸುತ್ತಿದ್ದುವು; ಆ ಪದಗಳು ಬರಿಯ ಸ್ವಾಗತೋಪಚಾರವಾಗಿದ್ದರೆ ಹುಡುಕುವವನಿಗೆ ದಕ್ಕುತ್ತಿದ್ದುದೂ ಅಷ್ಟೇ. 1997ರ ಡಿಸೆಂಬರಿನಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 4.0 ಎಂಬ ಪುಟರಚನೆಯ ನಿಯಮಾವಳಿಯು ಇಂತಹ ವಿವರಣೆಗೆ ಕೊಟ್ಟ ಉದಾಹರಣೆಯಲ್ಲಿ ಇದ್ದುದು ಯೂರೋಪಿನ ವಿಹಾರವನ್ನು ಕೊಂಡಾಡುವ ಮೂರೇ ಪದ. ಜಾಹೀರಾತಿನ ವಾಸನೆ ಆ ಮಾದರಿಯಲ್ಲಿಯೇ ಇದ್ದಿತೆಂದು ನನಗೆ ತೋರುತ್ತದೆ.

ವಾಸನೆ ಬೇಗನೆ ಹರಡಿತು. ಪುಟದಲ್ಲಿಲ್ಲದ ಜನಪ್ರಿಯ ಪದಗಳನ್ನು ಆ ಶಿರೋಭಾಗದೊಳಗೆ ತುರುಕುವ ವಿದ್ಯೆಯನ್ನು ವರ್ತಕರು ಕಲಿತರು. ಯಂತ್ರಗಳು ಒಡೆಯನ ಮಾತನ್ನು ನಂಬುವುದನ್ನು ಬಿಟ್ಟವು. 1998ರಲ್ಲಿ ಆರಂಭವಾದ ಓಪನ್ ಡೈರೆಕ್ಟರಿ ಎಂಬ ಜಾಲತಾಣಗಳ ಕೋಶದ ಸ್ವಯಂಸೇವಕರು ಕಲ್ಲಿಮಾಕಸನ ಹಾದಿಯನ್ನು ಹಿಡಿದು ನಿಷ್ಪಕ್ಷಪಾತ ವಿವರಣೆಗಳನ್ನು ಬರೆದರು, ಗೂಗಲ್ ಕೂಡ ಕೆಲಕಾಲ ಅವನ್ನು ಎರವಲು ಪಡೆಯಿತು. ಆ ಕೋಶವು 2017ರಲ್ಲಿ ಮುಚ್ಚಿಹೋಯಿತು. ಒಡೆಯನ ವಿವರಣೆಯನ್ನು ಕೆಲವೊಮ್ಮೆ ತೋರಿಸುವೆವೇ ಹೊರತು ಪುಟದ ಸ್ಥಾನವನ್ನು ನಿರ್ಣಯಿಸಲು ಬಳಸುವುದಿಲ್ಲವೆಂದು ಗೂಗಲ್ 2009ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತು. ಎಂದರೆ ಅದು ಈಗ ಒಡೆಯನ ಅಹವಾಲು ಮಾತ್ರ: ಯಂತ್ರಕ್ಕೆ ಒಪ್ಪಿಗೆಯಾದರೆ ತೋರಿಸುತ್ತದೆ, ಇಲ್ಲವಾದರೆ ಹುಡುಕಿದ ಪದವಿರುವ ಸಾಲನ್ನು ಪುಟದಿಂದ ತಾನೇ ಆಯ್ದುಕೊಳ್ಳುತ್ತದೆ. 2017ರ ಕೊನೆಯಲ್ಲಿ ಮುನ್ನೂರು ಅಕ್ಷರಗಳವರೆಗೂ ಹಿಗ್ಗಿದ್ದ, ಈ ಸಾಲುಗಳಿಗೆ ಯಂತ್ರವು ಕೊಡುವ ಸ್ಥಳವು ಮರುವರ್ಷದ ಮೇ ತಿಂಗಳಿಗೆ ಮತ್ತೆ ನೂರರುವತ್ತರ ಆಸುಪಾಸಿಗೆ ಕುಗ್ಗಿತು.

ಕನ್ನಡಿಗರಿಗೆ ಇಲ್ಲೊಂದು ವಿಶೇಷ ಸಂಕಟ. ನಮ್ಮ ವಾಕ್ಯದ ಪ್ರಾಣ ಕೊನೆಯ ಕ್ರಿಯಾಪದದಲ್ಲಿರುತ್ತದೆ. ಯಂತ್ರದ ಕತ್ತರಿ ಬೀಳುವುದೂ ಅಲ್ಲಿಯೇ. ‘ಸೋಮವಾರದಂದು ಭಕ್ತಾದಿಗಳಿಗೆ ಗರ್ಭಗುಡಿಯ ದರ್ಶನಕ್ಕೆ ಅವಕಾಶ…’ ಎಂದು ಸಾಲು ತುಂಡಾದರೆ, ಅವಕಾಶವುಂಟೋ ಇಲ್ಲವೋ ಎಂಬುದು ದೂರದಿಂದ ಬಸ್ಸು ಹತ್ತಿ ಬಂದವನಿಗೆ ಬಾಗಿಲ ಮುಂದೆಯೇ ತಿಳಿಯಬೇಕು. ನನ್ನಂತೆ ದೀರ್ಘವಾಕ್ಯಗಳಲ್ಲಿ ಸುಖಿಸುವವರು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಹಾಕಲೇಬೇಕಾದವರು ಮೊದಲ ಹತ್ತು ಪದಗಳೊಳಗೆ ಒಂದು ವಾಕ್ಯವನ್ನಾದರೂ ಮುಗಿಸಲಿ.