ಹೋರಿಯೋ, ಕಡಸೋ?



ಆಕಳು ಈದಿತು ಎಂಬ ಸುದ್ದಿ ಬಂದರೆ ನೀವು ಕೇಳುವ ಮೊದಲ ಪ್ರಶ್ನೆ ಯಾವುದು? ಹೆಣ್ಣೋ ಗಂಡೋ ಎಂದೇ ತಾನೆ? ನಾವು ಕಡಸು ಎನ್ನುವುದನ್ನು ಮರಾಠಿಯಲ್ಲಿ ಕಾಲವಡ ಎನ್ನುತ್ತಾರೆ. ಯಾವ ಭಾಷೆಯಲ್ಲಿ ಹೇಳಿದರೂ ಮನೆಯವರ ಮುಖ ಅರಳುತ್ತದೆ. ಹೋರಿಗರುವಾದರೆ, ಎತ್ತಿನ ಕೆಲಸ ಟ್ರ್ಯಾಕ್ಟರಿಗೆ ಹೋದ ಮೇಲೆ, ಮಾತು ಅಲ್ಲಿಗೇ ನಿಲ್ಲುತ್ತದೆ. ನಾನು ಬ್ಯಾಂಕಿನಲ್ಲಿ ಹೈನು ಸಾಲದ ಲೆಡ್ಜರು ಬರೆದವನು. ಒಂದರ ಹಿಂದೆ ಒಂದು ಗಂಡುಕರು ಹುಟ್ಟಿ, ಮುದಿ ಆಕಳಿನ ಜಾಗಕ್ಕೆ ಕಡಸು ಇಲ್ಲದೆ ಕಂತು ತಪ್ಪಿದವರನ್ನು ಕಂಡಿದ್ದೇನೆ. ಲೆಡ್ಜರಿನಲ್ಲಿ ಕರುವಿಗೆಂದು ಕಾಲಮ್ಮೇ ಇರಲಿಲ್ಲ.

ಇದೇ ಪ್ರಶ್ನೆಯನ್ನು ಅಮೆರಿಕದ ಕೊಲರಾಡೊ ಸೀಮೆಯಲ್ಲಿ ಕೇಳಿದರೆ ಉತ್ತರ ತಿರುಗುಮುರುಗು. ಅಲ್ಲಿ ಹೆಚ್ಚಿನವರು ದನ ಸಾಕುವುದು ಮಾಂಸಕ್ಕಾಗಿ. ನಮ್ಮಲ್ಲಿ ಕೆಲವರಿಗೆ ಇದು ಕೇಳಲು ಕಷ್ಟವಾದೀತು, ಆದರೂ ಇದ್ದದ್ದನ್ನು ಹೇಳಲೇಬೇಕು. ಗಂಡುಕರು ಬೇಗ ಬೆಳೆಯುತ್ತದೆ, ತೂಕ ಹೆಚ್ಚು ತೂಗುತ್ತದೆ, ಅಲ್ಲಿನ ಸಂತೆಯಲ್ಲಿ ಬೆಲೆಯೂ ಹೆಚ್ಚು.

ಬೇಕಾದ ಕರುವನ್ನೇ ಪಡೆಯುವ ದಾರಿ ಬಹಳ ದಿನ ಇರಲಿಲ್ಲ. ಕೃತಕ ಗರ್ಭಧಾರಣೆಯೇನೋ ಹಳೆಯದು. ನಮ್ಮ ದೇಶದಲ್ಲಿ ಅದನ್ನು 1939ರಲ್ಲಿ ಮೊದಲು ಮಾಡಿದವರು ಮೈಸೂರು ಅರಮನೆಯ ಡೇರಿ ಫಾರಮ್ಮಿನ ಸಂಪತ್ ಕುಮಾರನ್. ಗ್ಲಿಸರಿನ್ ಬೆರೆಸಿದರೆ ವೀರ್ಯಾಣು ಶೀತದಲ್ಲೂ ಬದುಕುತ್ತದೆಂದು 1949ರಲ್ಲಿ ಇಂಗ್ಲೆಂಡಿನಲ್ಲಿ ಗೊತ್ತಾಯಿತು. ಆದರೆ ಕಡ್ಡಿಯೊಳಗೆ ಹೆಣ್ಣು ಗಂಡು ಎರಡೂ ಕೂಡಿಯೇ ಇದ್ದವು.

ಅವನ್ನು ಬೇರ್ಪಡಿಸಿದ್ದು ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಕೇಂದ್ರ. ಹೆಣ್ಣುಕರುವಿಗೆ ಕಾರಣವಾಗುವ ಹೋರಿಯ ವೀರ್ಯಾಣುವಿನಲ್ಲಿ ವಂಶದ್ರವ್ಯ ನೂರಕ್ಕೆ ಸುಮಾರು ನಾಲ್ಕು ಪಾಲು ಹೆಚ್ಚು. (ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಅತ್ತೆಯರು ಗಮನಿಸಬೇಕು, ಮನುಷ್ಯರಲ್ಲೂ ನಿರ್ಧಾರ ತಂದೆಯ ಕಡೆಯದೇ.) ಬಣ್ಣ ಹಾಕಿ ಲೇಸರ್ ಬೆಳಕಿನ ಮುಂದೆ ಒಂದೊಂದನ್ನೇ ಹಾಯಿಸಿದರೆ ಹೆಣ್ಣಿನದು ತುಸು ಹೆಚ್ಚು ಹೊಳೆಯುತ್ತದೆ. ಆ ಹನಿಗೆ ಒಂದು ಬಗೆಯ ವಿದ್ಯುತ್ತು, ಮತ್ತೊಂದಕ್ಕೆ ಇನ್ನೊಂದು ಬಗೆಯದು ಕೊಟ್ಟು ಎಡಕ್ಕೂ ಬಲಕ್ಕೂ ಸೆಳೆಯುತ್ತಾರೆ. ಲಾರೆನ್ಸ್ ಜಾನ್ಸನ್ ಈ ರೀತಿಯಲ್ಲಿ 1989ರಲ್ಲಿ ಮೊಲದ ಮರಿಗಳನ್ನು ಪಡೆದರು.

ದನಗಳ ಮಟ್ಟಿಗೆ ಅದನ್ನು ಹೊಲಕ್ಕೆ ತಂದವರಲ್ಲಿ ಮುಖ್ಯರು ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಯ ಜಾರ್ಜ್ ಸೈಡೆಲ್. ವಿಂಗಡಣೆ ನಿಧಾನದ ಕೆಲಸ. ಮಾಮೂಲಿ ಕಡ್ಡಿಯಲ್ಲಿ ಎರಡು ಕೋಟಿ ವೀರ್ಯಾಣು ಇದ್ದರೆ ಇದರಲ್ಲಿ ಹತ್ತು ಹದಿನೈದು ಲಕ್ಷ ತುಂಬುವುದೇ ಕಷ್ಟ. ಸುಮಾರು ಸಾವಿರ ಕಡಸುಗಳ ಮೇಲೆ ಪ್ರಯೋಗಿಸಿ 1999ರಲ್ಲಿ ಅವರ ತಂಡ ಫಲಿತಾಂಶ ಪ್ರಕಟಿಸಿತು. ಮಾಮೂಲಿ ಕಡ್ಡಿಯಿಂದ 100 ಕಟ್ಟುವ ಕಡೆ ಇದರಿಂದ 70ರಿಂದ 90 ಕಟ್ಟಿದವು. ಮಾರಾಟ ಶುರುವಾದ ಮೇಲೆ ಹೆಚ್ಚು ಕೊಂಡವರು ಹಾಲಿನವರು. ಮಾಂಸದ ದನದವರಿಗೆ ಬಯಲಿನಲ್ಲಿ ಮೇಯುವ ಹಿಂಡಿನಿಂದ ಬೆದೆಗೆ ಬಂದದ್ದನ್ನು ಹುಡುಕಿ ಹಿಡಿಯುವುದೇ ದೊಡ್ಡ ತ್ರಾಸು. ಹೋರಿ ಬಿಟ್ಟರೆ ಅದರ ಕೆಲಸ ಅದು ಮಾಡುತ್ತದೆ.

ಸೈಡೆಲ್ ಇನ್ನೂ ಒಂದು ಲೆಕ್ಕ ಹಾಕಿದರು. ಮಾಂಸದ ಹಿಂಡಿಗೆ ತಗಲುವ ಮೇವಿನಲ್ಲಿ ಅರ್ಧಕ್ಕೂ ಮಿಕ್ಕಿ ಬೆಳೆದ ತಾಯಿ ಆಕಳುಗಳ ಹೊಟ್ಟೆಗೇ ಹೋಗುತ್ತದೆ. ಹಾಗಾದರೆ ಬೆಳೆದ ಆಕಳನ್ನೇ ಇಟ್ಟುಕೊಳ್ಳದಿದ್ದರೆ? ಎಳೆಯ ಕಡಸಿಗೆ ಹೆಣ್ಣಿನ ಕಡ್ಡಿ ಹಾಕಬೇಕು. ಅದು ತನ್ನ ಜಾಗಕ್ಕೆ ಒಬ್ಬ ಮಗಳನ್ನು ಹೆತ್ತುಕೊಡಬೇಕು. ಮೂರು ತಿಂಗಳಿಗೆ ಕರುವನ್ನು ಬಿಡಿಸಿ, ತಾಯಿಯನ್ನು ಕೊಬ್ಬಿಸಿ, ಮೂವತ್ತು ತಿಂಗಳು ತುಂಬುವ ಮೊದಲೇ ಕಟುಕರಿಗೆ ಕೊಡಬೇಕು. 2015ರಲ್ಲಿ ಅವರು ಮತ್ತು ವಿಟಿಯರ್ ಸೇರಿ ಇದನ್ನು ಬರೆದು ಪ್ರಕಟಿಸಿದರು. ಮೇವಿನ ಲೆಕ್ಕದಲ್ಲಿ ತಪ್ಪಿಲ್ಲ. ಲೆಕ್ಕ ಬರೆದೇ ಹೊಟ್ಟೆ ಹೊರೆದ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಮೂರು ತಿಂಗಳ ಕರುವಿನ ಸಾಲು ಓದುವಾಗ ಕೈ ತಡೆಯಿತು. ಎಲ್ಲವೂ ಕಟ್ಟುವುದಿಲ್ಲ, ಕೆಲವು ಗಂಡೇ ಹುಟ್ಟುತ್ತವೆ. ಆದ್ದರಿಂದ ಅಂಥ ಹಿಂಡಿಗೆ ಹೊರಗಿನಿಂದಲೂ ಕಡಸು ಕೊಂಡು ತರಬೇಕಾಗುತ್ತದೆ.

ನಮ್ಮ ದೇಶದಲ್ಲೇ ಸಿದ್ಧವಾದ ವಿಂಗಡಣೆಯ ತಂತ್ರವನ್ನು 2024ರ ಅಕ್ಟೋಬರ್ 5ರಂದು ಮಹಾರಾಷ್ಟ್ರದ ವಾಶೀಮಿನಲ್ಲಿ ಪ್ರಧಾನಿ ಉದ್ಘಾಟಿಸಿದರು. ಇಲ್ಲಿ ಉದ್ದೇಶ ಹಾಲು. ಹತ್ತರಲ್ಲಿ ಒಂಬತ್ತು ಕಡಸು ಹುಟ್ಟುತ್ತವೆ ಎನ್ನುತ್ತಾರೆ. ಡಾಕ್ಟರರು ಕಡ್ಡಿ ತಂದಾಗ ಉಳಿದ ಆ ಒಂದರ ಬಗ್ಗೆಯೂ ಕೇಳಿಕೊಳ್ಳಿ.